ಮೊದಲು 'ಷಷ್ಟ್ಯಬ್ದಿ' ಅಂತ ಟೈಪ್ ಮಾಡಿ ನೋಡಿ: ಮನೆಯ ವಿಡಿಯೊಗೆ ಕಡಿಮೆ ಖರ್ಚಿನ ಎಡಿಟಿಂಗ್ ಸಾಫ್ಟ್‌ವೇರ್ ಆರಿಸುವ ಬಗೆ

ಅಪ್ಪನ ಅರವತ್ತರ ಶಾಂತಿ ಹನುಮಂತನಗರದ ಒಂದು ಛತ್ರದಲ್ಲಿ ನಡೆಯಿತು. ವಿಡಿಯೊದವರನ್ನು ಕರೆಸುವುದು ಬೇಡ, ನಾವೇ ಫೋನಿನಲ್ಲಿ ತೆಗೆದುಕೊಂಡರಾಯಿತು ಅಂತ ಮನೆಯಲ್ಲಿ ತೀರ್ಮಾನವಾಗಿತ್ತು. ಮೂರು ಫೋನುಗಳಿಂದ 140 ಕ್ಲಿಪ್ ಬಂದವು. ಅವನ್ನು ಹದಿನೈದು ನಿಮಿಷಕ್ಕೆ ಇಳಿಸುವ ಕೆಲಸ ನನ್ನ ಪಾಲಿಗೆ ಬಿತ್ತು. ಜಾಹೀರಾತು ನೋಡಿ ಮರುಳಾಗಿ ಒಂದು ಸಾಫ್ಟ್‌ವೇರಿಗೆ ವರ್ಷದ ಚಂದಾ ಕಟ್ಟಿಬಿಟ್ಟೆ. ಎರಡು ರಾತ್ರಿ ಕೂತು ಕಟ್ ಮಾಡಿ, ಕೊನೆಯಲ್ಲಿ ಟೈಟಲ್ ಹಾಕೋಣ ಅಂತ 'ಷಷ್ಟ್ಯಬ್ದಿ' ಎಂದು ಟೈಪ್ ಮಾಡಿದರೆ ಒತ್ತಕ್ಷರಗಳು ಕೆಳಗಿಳಿಯಲೇ ಇಲ್ಲ. ಷ, ಟ, ಯ ಎಲ್ಲವೂ ಬಿಡಿಬಿಡಿಯಾಗಿ, ಬಸ್ಸಿಗೆ ಕಾಯುವವರ ಹಾಗೆ ಸಾಲಾಗಿ ನಿಂತಿದ್ದವು. ದುಡ್ಡು ವಾಪಸ್ ಕೇಳಿದೆ, ಬರಲಿಲ್ಲ.

ಆವತ್ತಿನಿಂದ ನಾನು ಪಾಲಿಸುತ್ತಿರುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯಾವ ಸಾಫ್ಟ್‌ವೇರಿನಲ್ಲಿ ಎಷ್ಟು ಎಫೆಕ್ಟ್ ಇದೆ ಎಂಬ ಪಟ್ಟಿ ನೋಡಿ ಆರಿಸಬೇಡಿ. ನಿಮ್ಮದೇ ಕಂಪ್ಯೂಟರಿನಲ್ಲಿ, ನಿಮ್ಮದೇ ಫೋನಿನ ಕ್ಲಿಪ್ ಹಾಕಿ, ಕನ್ನಡ ಟೈಟಲ್ ಸಮೇತ ಒಂದು ನಿಮಿಷದ ವಿಡಿಯೊ ಮಾಡಿ ಟಿವಿಯಲ್ಲಿ ಓಡಿಸಿ ನೋಡುವ ತನಕ ಒಂದು ರೂಪಾಯಿಯನ್ನೂ ಕೊಡಬೇಡಿ.

ಹೆಜ್ಜೆ 1: ಕೈಯಲ್ಲಿ ಏನಿದೆ ಅಂತ ಲೆಕ್ಕ ಹಾಕಿ

ಎಲ್ಲ ಫೋನಿನ ಕ್ಲಿಪ್‌ಗಳನ್ನೂ ಒಂದೇ ಫೋಲ್ಡರಿಗೆ ತನ್ನಿ. ವಾಟ್ಸಾಪ್‌ನಲ್ಲಿ ಸುಮ್ಮನೆ ವಿಡಿಯೊ ಅಂತ ಕಳಿಸಿದರೆ ಅದು ಗಾತ್ರ ಕುಗ್ಗಿಸಿ, ಚಿತ್ರ ಮಸುಕು ಮಾಡಿ ಕಳಿಸುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ. ಹಾಗೆ 2 ಜಿಬಿ ತನಕದ ಫೈಲು ಇದ್ದಂತೆಯೇ ಬರುತ್ತದೆ. ಅದಕ್ಕಿಂತ ದೊಡ್ಡದಾದರೆ ಕೇಬಲ್ ಹಾಕಿ ಕಾಪಿ ಮಾಡಿಕೊಳ್ಳುವುದೇ ವಾಸಿ. ನಮ್ಮ ಭಾವ ತಾವು ತೆಗೆದ ಆರತಿಯ ಕ್ಲಿಪ್ಪನ್ನು ಫ್ಯಾಮಿಲಿ ಗ್ರೂಪಿಗೇ ಹಾಕಿ, ತಮ್ಮ ಫೋನಿನಿಂದ ಡಿಲೀಟ್ ಮಾಡಿಬಿಟ್ಟಿದ್ದರು. ಈಗ ಆ ಆರತಿ ಮಂಜಿನಲ್ಲಿ ನಡೆದಂತೆ ಕಾಣುತ್ತದೆ.

ಆಮೇಲೆ ಗಾತ್ರ ನೋಡಿ. ಐಫೋನಿನಲ್ಲಿ, ವಿಡಿಯೊವನ್ನು ಕುಗ್ಗಿಸಿಡುವ ಈಗಿನ ಎಚ್‌ಇವಿಸಿ ವಿಧಾನದಲ್ಲಿ 1080ಪಿ (ಫುಲ್ ಎಚ್‌ಡಿ), ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ) ಅಂದರೆ ನಿಮಿಷಕ್ಕೆ ಸುಮಾರು 60 ಎಂಬಿ. ಇನ್ನೂ ಸ್ಪಷ್ಟವಾದ 4ಕೆ, 30 ಫ್ರೇಮ್ ಆದರೆ ಸುಮಾರು 170. 4ಕೆ, 60 ಫ್ರೇಮ್ ಆದರೆ 400. ಎರಡು ಗಂಟೆಯ 4ಕೆ, 30 ಫ್ರೇಮ್ ಕ್ಲಿಪ್ಪೇ 20 ಜಿಬಿ ಮುಟ್ಟುತ್ತದೆ. ಡಿಸ್ಕಿನಲ್ಲಿ ಅದರ ಎರಡು ಪಟ್ಟಾದರೂ ಜಾಗ ಖಾಲಿ ಇರಲಿ, ಏಕೆಂದರೆ ಎಡಿಟಿಂಗ್ ಸಾಫ್ಟ್‌ವೇರು ತನ್ನ ಕೆಲಸಕ್ಕೂ ಫೈಲು ಮಾಡಿಕೊಳ್ಳುತ್ತದೆ.

ಅಟ್ಟದ ಮೇಲೆ ಹಳೆಯ ಹ್ಯಾಂಡಿಕ್ಯಾಮ್ ಕ್ಯಾಸೆಟ್ ಇದ್ದರೆ ಅದರ ಲೆಕ್ಕ ಬೇರೆ. ಒಂದು ಗಂಟೆಯ ಮಿನಿ ಡಿವಿ ಟೇಪನ್ನು ಕಂಪ್ಯೂಟರಿಗೆ ಇಳಿಸಿದರೆ ಸುಮಾರು 13 ಜಿಬಿ. ನಮ್ಮ ದೇಶದಲ್ಲಿ ಪಾಲ್ ಎಂಬ ಟಿವಿ ಪದ್ಧತಿ ಇದ್ದದ್ದರಿಂದ ಆ ವಿಡಿಯೊ 720x576 ಅಳತೆಯಲ್ಲಿ, ಸೆಕೆಂಡಿಗೆ 25 ಫ್ರೇಮಿನಲ್ಲಿ ಇರುತ್ತದೆ. ಅದನ್ನು ಎಡಿಟ್ ಮಾಡಲು ದೊಡ್ಡ ಯಂತ್ರ ಬೇಡ, ಯಾವ ಹಳೆಯ ಲ್ಯಾಪ್‌ಟಾಪೂ ಸಾಕು. ಕಷ್ಟವಿರುವುದು ಟೇಪು ಓಡಿಸಲು ಕೆಟ್ಟಿಲ್ಲದ ಕ್ಯಾಮೆರಾ ಹುಡುಕುವುದರಲ್ಲಿ.

ಹೆಜ್ಜೆ 2: ಕಂಪ್ಯೂಟರ್ ಎಷ್ಟು ತಾಳುತ್ತದೆ?

8 ಜಿಬಿ ರ‍್ಯಾಮ್ ಇರುವ, ಆಫೀಸು ಕೆಲಸಕ್ಕೆ ಕೊಂಡ ಲ್ಯಾಪ್‌ಟಾಪಿನಲ್ಲಿ 1080ಪಿ ಎಡಿಟಿಂಗ್ ಆಗುತ್ತದೆ. 4ಕೆ ಹಾಕಿದರೆ ಫ್ಯಾನು ಕೂಗತೊಡಗುತ್ತದೆ, ಚಿತ್ರ ತಡವರಿಸುತ್ತದೆ. ಅದಕ್ಕೆ ಹೊಸ ಕಂಪ್ಯೂಟರೇ ಬೇಕೆಂದಿಲ್ಲ, 'ಪ್ರಾಕ್ಸಿ' ಎಂಬ ಸೌಲಭ್ಯವಿದೆ. ಸಾಫ್ಟ್‌ವೇರು ಪ್ರತಿ ಕ್ಲಿಪ್ಪಿಗೂ ಒಂದು ಹಗುರವಾದ ನಕಲು ಮಾಡಿಕೊಂಡು, ನೀವು ಕತ್ತರಿಸುವಾಗ ಆ ನಕಲನ್ನು ತೋರಿಸುತ್ತದೆ. ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ (ಮುಗಿದ ವಿಡಿಯೊವನ್ನು ಫೈಲಾಗಿ ಹೊರತೆಗೆಯುವಾಗ) ಅಸಲನ್ನೇ ಬಳಸುತ್ತದೆ. ಆರಿಸುವ ಸಾಫ್ಟ್‌ವೇರಿನಲ್ಲಿ ಇದು ಇದೆಯೇ ಅಂತ ಮೊದಲು ನೋಡಿ. ದೃಶ್ಯ ಬದಲಿಸುವ ಇನ್ನೂರು ಟ್ರಾನ್ಸಿಶನ್‌ಗಳಿಗಿಂತ ಇದೊಂದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ದುಡ್ಡು ಖರ್ಚು ಮಾಡಲೇಬೇಕು ಅನಿಸಿದರೆ ಅದನ್ನು ಸಾಫ್ಟ್‌ವೇರಿಗೆ ಹಾಕುವ ಮೊದಲು ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಬೀದಿಯಾದ ಎಸ್‌.ಪಿ. ರಸ್ತೆ ಕಡೆ ಹೋಗಿ. ಟೌನ್‌ಹಾಲ್ ಹತ್ತಿರ ಇಳಿದು ನಡೆದರೆ ಆಯಿತು. ಗಾಡಿ ತೆಗೆದುಕೊಂಡು ಹೋಗಬೇಡಿ, ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಹಳೆಯ ಹಾರ್ಡ್‌ಡಿಸ್ಕಿನ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿಸುವುದು, ರ‍್ಯಾಮ್ ಸ್ಲಾಟ್ ಖಾಲಿಯಿದ್ದರೆ 16 ಜಿಬಿಗೆ ಏರಿಸುವುದು, ಇವೆರಡರ ಲಾಭ ಎಡಿಟಿಂಗ್ ಮುಗಿದ ಮೇಲೂ ಉಳಿಯುತ್ತದೆ. ಲ್ಯಾಪ್‌ಟಾಪಿನ ಮಾಡೆಲ್ ನಂಬರ್ ಬರೆದುಕೊಂಡು ಹೋಗಿ, ಮೂರು ಅಂಗಡಿಯಲ್ಲಿ ರೇಟು ಕೇಳಿ, ಬಿಲ್ಲು ತೆಗೆದುಕೊಳ್ಳಿ.

ದುಬಾರಿ ಸಾಫ್ಟ್‌ವೇರಿನ ಕ್ರ್ಯಾಕ್ ಮಾಡಿದ ಆವೃತ್ತಿಯನ್ನು ಯಾರಾದರೂ ಪುಕ್ಕಟೆ ಹಾಕಿಕೊಡುತ್ತೇನೆ ಅಂದರೆ ಒಪ್ಪಬೇಡಿ. ಕಾನೂನಿನ ಮಾತು ಒಂದು ಕಡೆ ಇರಲಿ, ಅದೇ ಲ್ಯಾಪ್‌ಟಾಪಿನಲ್ಲಿ ನೀವು ಬ್ಯಾಂಕ್ ವ್ಯವಹಾರವನ್ನೂ ಮಾಡುತ್ತೀರಲ್ಲ.

ಹೆಜ್ಜೆ 3: ಪುಕ್ಕಟೆ ಸಿಗುವುದನ್ನೆಲ್ಲ ಮೊದಲು ಮುಗಿಸಿ

ಹಳಬರು ಈಗಲೂ ವಿಂಡೋಸ್ ಮೂವಿ ಮೇಕರ್ ಕೇಳುತ್ತಾರೆ. ಮೈಕ್ರೋಸಾಫ್ಟ್ ಅದನ್ನು ಜನವರಿ 2017ರಲ್ಲೇ ನಿಲ್ಲಿಸಿತು. ಈಗ ಆ ಹೆಸರಿನಲ್ಲಿ ಬೇರೆ ವೆಬ್‌ಸೈಟ್‌ಗಳಲ್ಲಿ ಸಿಗುವುದನ್ನು ಇಳಿಸಿಕೊಳ್ಳುವ ಗೋಜಿಗೆ ಹೋಗಬೇಡಿ. 2021ರಲ್ಲಿ ಮೈಕ್ರೋಸಾಫ್ಟ್ ಕ್ಲಿಪ್‌ಚಾಂಪ್ ಎಂಬುದನ್ನು ಕೊಂಡುಕೊಂಡಿತು, ವಿಂಡೋಸ್ 11ರಲ್ಲಿ ಅದು ಜೊತೆಗೇ ಬರುತ್ತದೆ. ಪುಕ್ಕಟೆಯಾಗಿ 1080ಪಿ ತನಕ, ಕಂಪನಿಯ ಮುದ್ರೆ ಅಂದರೆ ವಾಟರ್‌ಮಾರ್ಕ್ ಇಲ್ಲದೆ ಎಕ್ಸ್‌ಪೋರ್ಟ್ ಕೊಡುತ್ತದೆ. 4ಕೆ ಬೇಕಾದರೆ ದುಡ್ಡು. ಮಗುವಿನ ನಾಮಕರಣದ ಐದು ನಿಮಿಷದ ವಿಡಿಯೊಗೆ ಇದು ಧಾರಾಳ. ಕ್ಲಿಪ್ ಐವತ್ತು ದಾಟಿದರೆ ನನಗೆ ಇದರಲ್ಲಿ ಕೈ ಕಟ್ಟಿಹಾಕಿದಂತೆ ಅನಿಸಿತು.

ಮ್ಯಾಕ್ ಅಥವಾ ಐಫೋನ್ ಇದ್ದರೆ ಐಮೂವಿ ಉಚಿತ. ಕಲಿಯಲು ಒಂದು ಸಂಜೆ ಸಾಕು. ಆದರೆ ಅದು ಅಡ್ಡ ವಿಡಿಯೊಗೆಂದೇ ಮಾಡಿದ್ದು. ಚಿಕ್ಕಪ್ಪ ಫೋನನ್ನು ಉದ್ದಕ್ಕೆ ಹಿಡಿದು ತೆಗೆದ ಕ್ಲಿಪ್ ಹಾಕಿದರೆ ಒಂದೋ ಎರಡೂ ಬದಿಗೆ ಕಪ್ಪು ಪಟ್ಟಿ ಬರುತ್ತದೆ, ಇಲ್ಲವೇ ತಲೆ ಕಾಲು ಕತ್ತರಿಸಿಹೋಗುತ್ತದೆ.

ನಾನು ಹೆಚ್ಚಿನವರಿಗೆ ಹೇಳುವುದು ಶಾಟ್‌ಕಟ್ ಅಥವಾ ಕೆಡೆನ್‌ಲೈವ್. ಎರಡೂ ಮುಕ್ತ ತಂತ್ರಾಂಶಗಳು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತವೆ, ಎರಡರಲ್ಲೂ ಪ್ರಾಕ್ಸಿ ಇದೆ, ವಾಟರ್‌ಮಾರ್ಕ್ ಇಲ್ಲ, ಲಾಗಿನ್ ಕೇಳುವುದಿಲ್ಲ. ಶಾಟ್‌ಕಟ್ ನೋಡಲು ಸ್ವಲ್ಪ ಒರಟು. ಬಟನ್ ಎಲ್ಲಿದೆ ಅಂತ ಮೊದಲ ದಿನ ಹುಡುಕಾಡುತ್ತೀರಿ. ಆದರೆ ಅದರ ಒಂದು ಒಳ್ಳೆಯ ಗುಣ ಹೇಳಲೇಬೇಕು. ಫೋನುಗಳು ಬೆಳಕು ಹೆಚ್ಚುಕಡಿಮೆಯಾದಂತೆ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದನ್ನು ಬದಲಾಯಿಸುತ್ತ ಹೋಗುತ್ತವೆ. ಅಂಥ, ಬಹಳ ಹೊತ್ತು ಓಡುವ ಕ್ಲಿಪ್ಪನ್ನು ಕತ್ತರಿಸಿ ಜೋಡಿಸುವ ಸಾಲಿಗೆ, ಅಂದರೆ ಟೈಮ್‌ಲೈನಿಗೆ ಹಾಕಿದರೆ ಕೆಲವು ಸಾಫ್ಟ್‌ವೇರುಗಳಲ್ಲಿ ಬರಬರುತ್ತಾ ಬಾಯಿಗೂ ಮಾತಿಗೂ ಹೊಂದಿಕೆ ತಪ್ಪುತ್ತದೆ. ಪುರೋಹಿತರ ಮಂತ್ರ ಮುಗಿದ ಮೇಲೂ ತುಟಿ ಅಲ್ಲಾಡುತ್ತಿರುತ್ತದೆ. ಶಾಟ್‌ಕಟ್ ಇಂಥ ಫೈಲು ಕಂಡ ಕೂಡಲೇ 'ಎಡಿಟಿಂಗಿಗೆ ಅನುಕೂಲವಾಗುವಂತೆ ಬದಲಾಯಿಸಲೇ' ಎಂದು ತಾನೇ ಕೇಳುತ್ತದೆ, ಹೂಂ ಅನ್ನಿ. ಬೇರೆ ಸಾಫ್ಟ್‌ವೇರ್ ಬಳಸುವವರು ಹ್ಯಾಂಡ್‌ಬ್ರೇಕ್ ಎಂಬ ಉಚಿತ ಪ್ರೋಗ್ರಾಂನಲ್ಲಿ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಆರಿಸಿ ಮೊದಲೇ ಬದಲಾಯಿಸಿಕೊಳ್ಳಬಹುದು.

ಡಾವಿಂಚಿ ರಿಸಾಲ್ವ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಸಿನಿಮಾದ ಬಣ್ಣ ಹೊಂದಿಸಲು ಹುಟ್ಟಿದ ಸಾಫ್ಟ್‌ವೇರ್ ಅದು. ಡಾವಿಂಚಿ ಕಂಪನಿಯನ್ನು ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ 2009ರಲ್ಲಿ ಕೊಂಡಿತು, ಆಮೇಲೆ ಉಚಿತ ಆವೃತ್ತಿಯನ್ನೂ ತಂದಿತು. ಉಚಿತ ಆವೃತ್ತಿಯಲ್ಲೇ 4ಕೆ, 60 ಫ್ರೇಮ್ ತನಕ ಎಕ್ಸ್‌ಪೋರ್ಟ್ ಮಾಡಬಹುದು. ದುಡ್ಡಿನ ಸ್ಟುಡಿಯೊ ಆವೃತ್ತಿಗೆ ಮೀಸಲಾದ ಎಫೆಕ್ಟುಗಳನ್ನು ಮುಟ್ಟದಿದ್ದರೆ ವಾಟರ್‌ಮಾರ್ಕೂ ಇಲ್ಲ. ಸ್ಟುಡಿಯೊ ಆವೃತ್ತಿಯ ಬೆಲೆ 295 ಡಾಲರ್, ಒಂದೇ ಸಲ ಕೊಟ್ಟರೆ ಮುಗಿಯಿತು. ಇಷ್ಟು ಒಳ್ಳೆಯದನ್ನು ಪುಕ್ಕಟೆ ಕೊಡುವಾಗ ಯಾಕೆ ಬೇಡ ಅನ್ನಬೇಕು? ಬೇಡ ಅನ್ನುವುದಿಲ್ಲ. 16 ಜಿಬಿ ರ‍್ಯಾಮ್, ಬೇರೆಯದೇ ಗ್ರಾಫಿಕ್ಸ್ ಕಾರ್ಡ್ ಇದ್ದವರು ಖಂಡಿತ ಹಾಕಿಕೊಳ್ಳಿ. ಇಲ್ಲದವರ ಯಂತ್ರದಲ್ಲಿ ಅದು ತೆರೆದುಕೊಳ್ಳುವಷ್ಟರಲ್ಲಿ ಫಿಲ್ಟರ್ ಕಾಫಿಯ ಡಿಕಾಕ್ಷನ್ ಇಳಿದಿರುತ್ತದೆ. ಲಿನಕ್ಸ್ ಬಳಸುವವರಿಗೆ ಇನ್ನೊಂದು ತೊಡಕು: ಅಲ್ಲಿ ಉಚಿತ ಆವೃತ್ತಿ ಫೋನುಗಳು ಸಾಮಾನ್ಯವಾಗಿ ಬಳಸುವ ಎಚ್.264 ವಿಧಾನದ ವಿಡಿಯೊವನ್ನು ನೇರವಾಗಿ ತೆರೆಯುವುದಿಲ್ಲ.

ಫೋನಿನಲ್ಲೇ ಮುಗಿಸುವವರಿಗೆ ಇನ್‌ಶಾಟ್, ಕೈನ್‌ಮಾಸ್ಟರ್ ಇವೆ. ಪುಕ್ಕಟೆ ಬಳಸಿದರೆ ಎರಡೂ ತಮ್ಮ ಹೆಸರಿನ ಮುದ್ರೆ ಒತ್ತುತ್ತವೆ. ಒಂದು ನಿಮಿಷದ ಸ್ಟೇಟಸ್ಸಿಗೆ ಸರಿ. ಹದಿನೈದು ನಿಮಿಷದ್ದನ್ನು ಅಷ್ಟು ಸಣ್ಣ ಪರದೆಯಲ್ಲಿ ಹೆಬ್ಬೆರಳಿನಿಂದ ಕತ್ತರಿಸುವ ಸಹನೆ ನನಗಿಲ್ಲ.

ಹೆಜ್ಜೆ 4: ಕನ್ನಡದ ಪರೀಕ್ಷೆ

ಸಾಫ್ಟ್‌ವೇರ್ ಹಾಕಿಕೊಂಡ ಮೊದಲ ಹತ್ತು ನಿಮಿಷದಲ್ಲೇ ಈ ಪರೀಕ್ಷೆ ಮಾಡಿ. ಟೈಟಲ್ ಪೆಟ್ಟಿಗೆ ತೆರೆದು ಈ ನಾಲ್ಕು ಪದ ಟೈಪ್ ಮಾಡಿ: ಷಷ್ಟ್ಯಬ್ದಿ, ಲಕ್ಷ್ಮೀ, ಕೃಷ್ಣಪ್ಪ, ಸೂರ್ಯ. ಮೊದಲನೆಯದರಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತು ಸೇರಿ ಬರಬೇಕು, ಎರಡನೆಯದರಲ್ಲಿ ಒತ್ತಿನ ಜೊತೆ ದೀರ್ಘ ಕೂರಬೇಕು, ಮೂರನೆಯದರಲ್ಲಿ ವಟ್ರಸುಳಿ ಇರಬೇಕು, ಕೊನೆಯದರಲ್ಲಿ ಅರ್ಕಾವತ್ತು ಯಕಾರದ ಬಲಕ್ಕೆ ನಿಲ್ಲಬೇಕು. ನಾಲ್ಕೂ ಸರಿಯಾಗಿ ಬಂದರೆ ನಿಮ್ಮ ನೆಂಟರ ಹೆಸರೆಲ್ಲ ಸರಿಯಾಗಿಯೇ ಬರುತ್ತದೆ ಅಂದುಕೊಳ್ಳಿ.

ಕೆಡುವುದು ಯಾಕೆ ಅಂದರೆ, ಇಂಗ್ಲಿಷಿನಲ್ಲಿ ಅಕ್ಷರದ ಪಕ್ಕ ಅಕ್ಷರ ಇಟ್ಟರೆ ಪದವಾಯಿತು. ಕನ್ನಡದಲ್ಲಿ ಷ, ಹಲಂತ, ಟ, ಹಲಂತ, ಯ ಎಂದು ಸಾಲಾಗಿ ಬರುವ ಸಂಕೇತಗಳನ್ನು ಕೂಡಿಸಿ ಒಂದೇ ಆಕಾರಕ್ಕೆ ತರುವ ಬೇರೊಂದು ಕೆಲಸವಿದೆ. ಆ ಕೆಲಸ ಮಾಡುವ ಭಾಗ ಸಾಫ್ಟ್‌ವೇರಿನಲ್ಲಿ ಇಲ್ಲದಿದ್ದರೆ, ಎಷ್ಟೇ ಒಳ್ಳೆಯ ಫಾಂಟ್ ಹಾಕಿದರೂ ಅಕ್ಷರ ಒಡೆಯುತ್ತದೆ. ಶಾಟ್‌ಕಟ್ ಮತ್ತು ಕೆಡೆನ್‌ಲೈವ್‌ನಲ್ಲಿ ನನಗೆ ನಾಲ್ಕೂ ಪದ ಸರಿಯಾಗಿ ಬಂದವು. ಅಡೋಬಿ ಪ್ರೀಮಿಯರ್ ಬಳಸುವ ಗೆಳೆಯರಿದ್ದರೆ ಅವರಿಗೂ ಹೇಳಿ: ಅದರ ಪ್ರೆಫರೆನ್ಸಸ್‌ನ ಗ್ರಾಫಿಕ್ಸ್ ಭಾಗದಲ್ಲಿ 'ಸೌತ್ ಏಷ್ಯನ್' ಎಂಬ ಆಯ್ಕೆ ಹಾಕದೆ ಇದ್ದರೆ ಒತ್ತು ಒಡೆಯುತ್ತದೆ.

ಫಾಂಟಿಗೆ ದುಡ್ಡು ಕೊಡಬೇಕಾಗಿಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ತಿರೊ ಕನ್ನಡ, ಅನೇಕ್ ಕನ್ನಡ, ಬೆಣ್ಣೆ, ಹುಬ್ಬಳ್ಳಿ ಎಲ್ಲ ಉಚಿತ. ಟಿವಿಯಲ್ಲಿ ದೂರದಿಂದ ಓದುವುದಕ್ಕೆ ಬಾಲೂ ತಮ್ಮನ ದಪ್ಪ ಅಕ್ಷರ ಚೆನ್ನ. ಮದುವೆ, ಉಪನಯನದ ಟೈಟಲ್ಲಿಗೆ ತಿರೊ ಕನ್ನಡದಲ್ಲಿ ಹಳೆಯ ಅಚ್ಚುಮೊಳೆಯ ಗಾಂಭೀರ್ಯ ಇದೆ.

ಮಿಕ್ಕೆಲ್ಲ ಇಷ್ಟವಾದ ಸಾಫ್ಟ್‌ವೇರು ಕನ್ನಡದಲ್ಲಿ ಮಾತ್ರ ಎಡವಿದರೆ ದಾರಿಯಿದೆ. ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರರಚನೆ ಪ್ರೋಗ್ರಾಂನಲ್ಲಿ ಟೈಟಲ್ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ಎಕ್ಸ್‌ಪೋರ್ಟ್ ಮಾಡಿ, ವಿಡಿಯೊದ ಮೇಲಿನ ಟ್ರ್ಯಾಕಿನಲ್ಲಿ ಇಡಿ. ಪವರ್‌ಪಾಯಿಂಟಿನಲ್ಲಿ ಬರೆದ ಪೆಟ್ಟಿಗೆಯ ಮೇಲೆ ರೈಟ್ ಕ್ಲಿಕ್ ಮಾಡಿ ಚಿತ್ರವಾಗಿ ಉಳಿಸಿದರೂ ಆಗುತ್ತದೆ. ಮದುವೆ ವಿಡಿಯೊ ಮಾಡುವ ಹಳೆಯ ಕೈಗಳು ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟನ್ನೇ (ಯುನಿಕೋಡ್‌ಗೆ ಮೊದಲಿನದು) ಈಗಲೂ ಹಿಡಿದುಕೊಂಡಿರುವುದಕ್ಕೂ ಕಾರಣ ಇದೇ. ಅದರಲ್ಲಿ ಒತ್ತಕ್ಷರವೂ ಒಂದು ಬಿಡಿ ಅಚ್ಚು. ಕೂಡಿಸುವ ಕೆಲಸವೇ ಇಲ್ಲದ್ದರಿಂದ ಎಲ್ಲಿ ಹಾಕಿದರೂ ಒಡೆಯುವುದಿಲ್ಲ. ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಪ್ರಾಜೆಕ್ಟ್ ತೆರೆದರೆ ಹೆಸರುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿರುತ್ತವೆ.

ಹೆಜ್ಜೆ 5: ಒಂದು ನಿಮಿಷ, ಮೊದಲಿಂದ ಕೊನೆ ತನಕ

ಈಗ ಎರಡು ಸಾಫ್ಟ್‌ವೇರ್ ಉಳಿದಿರುತ್ತವೆ ಅಂದುಕೊಳ್ಳೋಣ. ಎರಡರಲ್ಲೂ ಒಂದೇ ಕೆಲಸ ಮಾಡಿ. ಹತ್ತು ಕ್ಲಿಪ್ ಆರಿಸಿ: ಫೋನನ್ನು ಉದ್ದಕ್ಕೆ ಹಿಡಿದು ತೆಗೆದ ಎರಡು ವಿಡಿಯೊ, ಒಂದು 4ಕೆ, ಒಂದು ಮಸುಕು ಬೆಳಕಿನದು, ಒಂದು ಓಲಗದ ಸದ್ದಿರುವುದು, ಎರಡು ಫೋಟೊ, ಉಳಿದದ್ದು ಏನಾದರೂ. ಅವನ್ನು ಒಂದು ನಿಮಿಷಕ್ಕೆ ಕತ್ತರಿಸಿ, ಕನ್ನಡ ಟೈಟಲ್ ಹಾಕಿ, ಹಿನ್ನೆಲೆಗೆ ಸಂಗೀತ ಸೇರಿಸಿ ಎಕ್ಸ್‌ಪೋರ್ಟ್ ಮಾಡಿ. ಎಷ್ಟು ಸಲ ಹ್ಯಾಂಗ್ ಆಯಿತು, ಒಂದು ನಿಮಿಷದ ವಿಡಿಯೊ ಹೊರಬರಲು ಎಷ್ಟು ನಿಮಿಷ ಬೇಕಾಯಿತು ಅಂತ ಬರೆದಿಡಿ. ನಡುವೆ ಬೇಕಂತಲೇ ಒಂದು ಸಲ, ಸೇವ್ ಮಾಡದೆ, ಟಾಸ್ಕ್ ಮ್ಯಾನೇಜರಿನಿಂದ ಅದನ್ನು ಮುಚ್ಚಿಬಿಡಿ. ಮತ್ತೆ ತೆರೆದಾಗ ಎಷ್ಟು ಕೆಲಸ ಉಳಿಸಿಕೊಟ್ಟಿತು? ಲ್ಯಾಪ್‌ಟಾಪ್ ಬ್ಯಾಟರಿ ಸತ್ತುಹೋಗಿ ವೈರಿನ ಮೇಲೇ ಓಡುತ್ತಿದ್ದರೆ, ಮಳೆಗಾಲದ ಬೆಂಗಳೂರಿನಲ್ಲಿ ಇದರ ಉತ್ತರ ನಿಮಗೆ ಬೇಕೇ ಬೇಕು.

ಸದ್ದಿನ ವಿಷಯ ಸ್ವಲ್ಪ ಹೇಳುತ್ತೇನೆ. ನಮ್ಮ ವಿಡಿಯೊಗಳು ಹಾಳಾಗುವುದು ಚಿತ್ರಕ್ಕಿಂತ ಹೆಚ್ಚಾಗಿ ಸದ್ದಿನಿಂದ. ಕುಕ್ಕರ್ ವಿಷಲ್, ಆಟೊ ಹಾರ್ನ್, ಫ್ಯಾನಿನ ಗುಂಯ್ ಎಲ್ಲ ಇರುತ್ತವೆ. ಫ್ಯಾನಿನಂಥ ಒಂದೇ ಸಮನೆ ಬರುವ ಸದ್ದನ್ನು ಅಡಾಸಿಟಿ ಎಂಬ ಉಚಿತ ಪ್ರೋಗ್ರಾಂ ಚೆನ್ನಾಗಿಯೇ ಕಡಿಮೆ ಮಾಡುತ್ತದೆ. ನಾದಸ್ವರದ ಪಕ್ಕದಲ್ಲೇ ನಿಂತು ತೆಗೆದು ಸದ್ದು ಒಡೆದುಹೋಗಿದ್ದರೆ ಅದನ್ನು ಯಾವ ಸಾಫ್ಟ್‌ವೇರೂ ಸರಿಮಾಡದು. ದೂರದಿಂದ ತೆಗೆದ ಇನ್ನೊಂದು ಫೋನಿನ ಸದ್ದನ್ನು ಅದಕ್ಕೆ ಹೊಂದಿಸಿ. ಹಾಗಾಗಿ ಚಿತ್ರ ಮತ್ತು ಸದ್ದನ್ನು ಬೇರ್ಪಡಿಸುವುದು ಎಷ್ಟು ಸುಲಭ ಅಂತಲೂ ಈ ಪರೀಕ್ಷೆಯಲ್ಲೇ ನೋಡಿಕೊಳ್ಳಿ.

ಛತ್ರದ ದೀಪದ ಕೆಳಗೆ ತೆಗೆದ ವಿಡಿಯೊದಲ್ಲಿ ಪಟ್ಟಿಪಟ್ಟಿಯಾಗಿ ಮಿಣುಕುವುದು ಕಂಡರೆ ಅದು ಸಾಫ್ಟ್‌ವೇರಿನ ತಪ್ಪಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಫೋನು ತೆಗೆಯುವುದು 30 ಫ್ರೇಮ್, ಎರಡಕ್ಕೂ ತಾಳ ಕೂಡುವುದಿಲ್ಲ. ರಿಸಾಲ್ವ್‌ನ ಮಿಣುಕು ತೆಗೆಯುವ ಡೀಫ್ಲಿಕರ್ ಸೌಲಭ್ಯ ದುಡ್ಡಿನ ಆವೃತ್ತಿಯಲ್ಲಿ ಮಾತ್ರ ಇದೆ. ಮುಂದಿನ ಸಲ ಐಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಪಾಲ್ ಫಾರ್ಮ್ಯಾಟ್ ತೋರಿಸುವ ಆಯ್ಕೆ ಹಾಕಿ 25 ಫ್ರೇಮಿನಲ್ಲಿ ತೆಗೆಯಿರಿ, ಸಾಲದು ಅನಿಸಿದರೆ ಆಮೇಲೆ ಸಾಫ್ಟ್‌ವೇರಿನ ಮಾತು.

ಸಿನಿಮಾ ಹಾಡು ಹಾಕಿ ಯೂಟ್ಯೂಬಿಗೆ ಏರಿಸಿದರೆ ಹಾಡಿನ ಹಕ್ಕುದಾರರ ಕ್ಲೇಮ್ ಬರಬಹುದು. ಯೂಟ್ಯೂಬಿನದೇ ಆಡಿಯೊ ಲೈಬ್ರರಿಯಲ್ಲಿ ಉಚಿತ ಸಂಗೀತ ಸಿಗುತ್ತದೆ. ಮನೆಯಲ್ಲಿ ಅಕ್ಕನೋ ಅತ್ತೆಯೋ ಹಾಡುವವರಿದ್ದರೆ ಅವರಿಂದಲೇ ಒಂದು ದೇವರನಾಮ ಹಾಡಿಸಿ ಹಾಕಿ, ಅದಕ್ಕಿಂತ ಬೇಕೇ?

ಹೆಜ್ಜೆ 6: ದುಡ್ಡು ಕೊಡಲೇಬೇಕಾದರೆ

ಇಷ್ಟೆಲ್ಲ ಆದ ಮೇಲೂ ಉಚಿತದ್ದರಲ್ಲಿ ನಿಮ್ಮ ಕೆಲಸ ಆಗಲಿಲ್ಲ ಅಂದರೆ ಮಾತ್ರ ಇಲ್ಲಿಗೆ ಬನ್ನಿ. ಫಿಲ್ಮೋರಾದಂಥವು ಟ್ರಯಲ್ ಕೊಡುತ್ತವೆ. ಎಡಿಟ್ ಮಾಡಲು ಬಿಟ್ಟು, ಎಕ್ಸ್‌ಪೋರ್ಟ್ ಹೊತ್ತಿಗೆ ವಾಟರ್‌ಮಾರ್ಕ್ ಒತ್ತುತ್ತವೆ. ಅದಕ್ಕೇ ಹೇಳಿದ್ದು, ಒಂದು ನಿಮಿಷದ ಪರೀಕ್ಷೆಯನ್ನು ಎಕ್ಸ್‌ಪೋರ್ಟ್ ತನಕ ಒಯ್ಯಬೇಕು ಅಂತ. 'ಒಂದೇ ಸಲ ಕೊಟ್ಟರೆ ಸಾಕು' ಎಂದು ಬರೆದಿದ್ದರೂ ಷರತ್ತು ಓದಿ: ಅಡೋಬಿ ಪ್ರೀಮಿಯರ್ ಎಲಿಮೆಂಟ್ಸ್ 2025ರ ಆವೃತ್ತಿಯಿಂದ ಮೂರು ವರ್ಷದ ಲೈಸೆನ್ಸ್ ಆಗಿದೆ, ಆಮೇಲೆ ಮುಗಿಯುತ್ತದೆ.

ವರ್ಷಕ್ಕೆ ಎರಡು ಸಮಾರಂಭ ಇರುವ ಮನೆಗೆ ವಾರ್ಷಿಕ ಚಂದಾ ದಂಡ. ಬೇಕಾದ ತಿಂಗಳಿಗೆ ಮಾತ್ರ ಕಟ್ಟಿ, ಕಟ್ಟಿದ ದಿನವೇ ಆಟೊ ಡೆಬಿಟ್ ರದ್ದು ಮಾಡಿ. ಒಮ್ಮೆ ಒಪ್ಪಿಗೆ ಕೊಟ್ಟ ಮೇಲೆ 15,000 ರೂಪಾಯಿ ತನಕದ ನವೀಕರಣಕ್ಕೆ ಓಟಿಪಿ ಕೇಳದೆಯೇ ಹಣ ಹೋಗುತ್ತದೆ. 24 ಗಂಟೆ ಮೊದಲು ಬ್ಯಾಂಕಿನಿಂದ ಸಂದೇಶ ಬರಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮವೇನೋ ಇದೆ, ಆದರೆ ನಮ್ಮ ಫೋನಿನ ಮೆಸೇಜ್ ರಾಶಿಯಲ್ಲಿ ಅದು ಯಾರ ಕಣ್ಣಿಗೆ ಬೀಳುತ್ತದೆ? ಡಾಲರಿನಲ್ಲಿ ಬೆಲೆ ಇದ್ದರೆ ತೆರಿಗೆ, ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ಎರಡನ್ನೂ ಸೇರಿಸಿ ಲೆಕ್ಕ ಹಾಕಿ.

ಹೆಜ್ಜೆ 7: ಹೊರಗೆ ತೆಗೆದು, ಟಿವಿಯಲ್ಲಿ ನೋಡಿ

ಎಂಪಿ4 ಫೈಲು, ಎಚ್.264 ವಿಧಾನ, 1080ಪಿ, ಬಿಟ್‌ರೇಟ್ 8 ಎಂಬಿಪಿಎಸ್ (ಸೆಕೆಂಡಿಗೆ 8 ಮೆಗಾಬಿಟ್) ಇಡಿ. ಅಂದರೆ ನಿಮಿಷಕ್ಕೆ ಸುಮಾರು 60 ಎಂಬಿ. ಹದಿನೈದು ನಿಮಿಷದ್ದು 900 ಎಂಬಿ ಆಸುಪಾಸು. ಎಚ್‌ಇವಿಸಿ ಆರಿಸಿದರೆ ಗಾತ್ರ ಕಡಿಮೆಯಾಗುತ್ತದೆ ನಿಜ, ಆದರೆ ಊರಿನಲ್ಲಿರುವ ದೊಡ್ಡಪ್ಪನ ಹಳೆಯ ಟಿವಿ ಅದನ್ನು ಓಡಿಸದೇ ಹೋಗಬಹುದು. ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಬಗೆಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಅದರೊಳಗೆ ಹೋಗುವುದಿಲ್ಲ ಎಂಬುದೂ ನೆನಪಿರಲಿ.

ಟಿವಿಯಲ್ಲಿ ಒಮ್ಮೆ ಪೂರ್ತಿ ನೋಡಿ, ಹೆಸರುಗಳ ಕಾಗುಣಿತವನ್ನು ಇನ್ನೊಬ್ಬರಿಂದ ಓದಿಸಿ, ಆಮೇಲೆ ಹಂಚಿ. ಪ್ರಾಜೆಕ್ಟ್ ಫೈಲನ್ನೂ ಮೂಲ ಕ್ಲಿಪ್‌ಗಳನ್ನೂ ಒಂದೇ ಫೋಲ್ಡರಿನಲ್ಲಿಟ್ಟು ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ. ಫೋಲ್ಡರಿನ ಜಾಗ ಬದಲಾದರೆ ಸಾಫ್ಟ್‌ವೇರಿಗೆ ಕ್ಲಿಪ್ ಸಿಗದೆ ಹೋಗುತ್ತದೆ, ಆದ್ದರಿಂದ ಕಾಪಿ ಮಾಡಿದ ಮೇಲೆ ಅಲ್ಲಿಂದಲೇ ಒಮ್ಮೆ ತೆರೆದು ನೋಡಿ. ಕನಿಷ್ಠ ಆರು ತಿಂಗಳು ಏನನ್ನೂ ಅಳಿಸಬೇಡಿ. ನಾನು ಅಪ್ಪನ ವಿಡಿಯೊ ಹಂಚಿ ಎಲ್ಲ ಮುಗಿಯಿತು ಅಂತ ಕಾಲು ಚಾಚಿದ ಮೂರನೆಯ ವಾರ ಚಿಕ್ಕಮ್ಮ ಫೋನ್ ಮಾಡಿದರು: 'ಎಲ್ಲಾ ಚೆನ್ನಾಗಿದೆ ಕಣೋ, ನಾನು ಆರತಿ ಎತ್ತಿದ್ದು ಮಾತ್ರ ಎಲ್ಲೂ ಬಂದೇ ಇಲ್ಲವಲ್ಲ?'